ಚೀನಾದೊಂದಿಗಿನ ವ್ಯಾಪಾರ ಮತ್ತು ಆಸ್ಟ್ರೇಲಿಯಾದ ರಾಜಕಾರಣಿಗಳ ಮಾತು: ಬೆಲೆ ತೆರುವವರು ಯಾರು?

ಪ್ರಶ್ನೆ — ಬರೋಸಾ ಕಣಿವೆಯ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯಲ್ಲಿರುವ ಮಧ್ಯಮ ಗಾತ್ರದ ಒಂದು ವೈನ್ ಕಂಪನಿಯ ರಫ್ತು ವಿಭಾಗದಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈ ದೇಶದ ಪೌರತ್ವ ಪಡೆದ ಮೇಲೆ 2025ರ ಮೇ ತಿಂಗಳಲ್ಲಿ ಮೊದಲ ಬಾರಿಗೆ ಮತ ಹಾಕಿದೆ. ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದಾಗ ಮನಸ್ಸಿನಲ್ಲಿದ್ದ ಒಂದು ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲವಾದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

2020ರ ನವೆಂಬರ್ ಕೊನೆಯ ವಾರದಲ್ಲಿ ಚೀನಾ ಆಸ್ಟ್ರೇಲಿಯಾದ ವೈನ್ ಮೇಲೆ ಶೇ. 107ರಿಂದ 212ರವರೆಗೆ ತಾತ್ಕಾಲಿಕ ಸುಂಕ ಹೇರಿತು. ಮರುವರ್ಷದ ಮಾರ್ಚ್‌ನಲ್ಲಿ ಅದನ್ನು ಶೇ. 218ರವರೆಗೆ ಏರಿಸಿ ಐದು ವರ್ಷಗಳ ಅವಧಿಗೆ ನಿಗದಿ ಮಾಡಿತು. ಆಗ ಈ ದೇಶದ ವೈನ್ ರಫ್ತಿನ ಮೌಲ್ಯದಲ್ಲಿ ಸುಮಾರು ಶೇ. 40ರಷ್ಟು ಚೀನಾದಿಂದಲೇ ಬರುತ್ತಿತ್ತು. ನಮ್ಮ ಗೋದಾಮಿನಲ್ಲಿ ಚೀನೀ ಲಿಪಿಯ ಲೇಬಲ್ ಅಂಟಿಸಿ, ಚೀನಾದ ಹೊಸವರ್ಷಕ್ಕೆಂದು ಕೆಂಪು ಪೆಟ್ಟಿಗೆಗಳಲ್ಲಿ ತುಂಬಿ ಸಿದ್ಧವಾಗಿದ್ದ ಸರಕು ಛಾವಣಿಯ ಎತ್ತರಕ್ಕೆ ಹಾಗೆಯೇ ನಿಂತುಬಿಟ್ಟಿತು. ಲೆಕ್ಕದವರು, ಚಾಲಕರು, ದ್ರಾಕ್ಷಿ ತೋಟದವರು ಎಂಬ ಭೇದವಿಲ್ಲದೆ ನಾವೆಲ್ಲರೂ ಉದ್ದನೆಯ ಮೇಜಿನ ಸುತ್ತ ನಿಂತು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸೀಸೆಗೆ ಸುತ್ತಿ, ಲೇಬಲ್ ಮೆತ್ತಗಾದ ಮೇಲೆ ಉಗುರಿನಿಂದ ಸುಲಿದು, ಉಳಿದ ಅಂಟನ್ನು ಒರೆಸಿದೆವು. ಒಂದು ಸೀಸೆಗೆ ಎರಡು ನಿಮಿಷ ಬೇಕಾಗುತ್ತಿತ್ತು. ಸುಲಿದ ಲೇಬಲ್‌ಗಳು ಕಾಲಡಿಯಲ್ಲಿ ಒದ್ದೆ ಎಲೆಗಳ ಹಾಗೆ ಬಿದ್ದಿದ್ದವು. ಆ ವಾರ ನನ್ನ ಪಕ್ಕದಲ್ಲಿದ್ದ, ಮೂರು ತಲೆಮಾರಿನಿಂದ ದ್ರಾಕ್ಷಿ ಬೆಳೆಯುವ ಮನೆತನದ ಹಿರಿಯರೊಬ್ಬರು, “ಮಾತನಾಡಿದವರು ಕ್ಯಾನ್‌ಬೆರಾದಲ್ಲಿದ್ದಾರೆ, ಲೇಬಲ್ ಸುಲಿಯುವವರು ನಾವು” ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಅವರು ಹೇಳಿದ ಮಾತಿನ ಹಿನ್ನೆಲೆ ನಿಮಗೆ ತಿಳಿದಿರಬಹುದು. 2020ರ ಏಪ್ರಿಲ್‌ನಲ್ಲಿ ವಿದೇಶಾಂಗ ಸಚಿವೆ ಮರೀಸ್ ಪೇಯ್ನ್ ಅವರು ಕೊರೊನಾ ವೈರಸ್‌ನ ಮೂಲದ ಬಗ್ಗೆ ಸ್ವತಂತ್ರ ತನಿಖೆ ನಡೆಯಬೇಕೆಂದು ದೂರದರ್ಶನದ ಸಂದರ್ಶನವೊಂದರಲ್ಲಿ ಕೇಳಿದರು. ಕೆಲವೇ ದಿನಗಳಲ್ಲಿ ಚೀನಾದ ರಾಯಭಾರಿ ಪತ್ರಿಕೆಯೊಂದರೊಡನೆ ಮಾತನಾಡುತ್ತ, ಚೀನಾದ ಜನ ಇನ್ನು ಮುಂದೆ ಆಸ್ಟ್ರೇಲಿಯಾದ ವೈನ್ ಏಕೆ ಕುಡಿಯಬೇಕು, ದನದ ಮಾಂಸ ಏಕೆ ತಿನ್ನಬೇಕು ಎಂದು ಯೋಚಿಸಬಹುದು ಎಂಬ ಸೂಚನೆ ಕೊಟ್ಟರು. ಮೇ ತಿಂಗಳಲ್ಲಿ ಬಾರ್ಲಿಯ ಮೇಲೆ ಶೇ. 80.5 ಸುಂಕ ಬಿತ್ತು, ನಾಲ್ಕು ಕಸಾಯಿಖಾನೆಗಳ ಮಾಂಸಕ್ಕೆ ತಡೆ ಬಂತು. ಆ ಮೇಲೆ ಕಲ್ಲಿದ್ದಲು, ಮರ, ಲಾಬ್‌ಸ್ಟರ್, ವೈನ್ ಒಂದೊಂದಾಗಿ ನಿಂತುಹೋದವು.

2022ರ ಚುನಾವಣೆಯಲ್ಲಿ ಲಿಬರಲ್ ಪಕ್ಷದ ನೇತೃತ್ವದ ಸರ್ಕಾರ ಹೋಗಿ ಲೇಬರ್ ಪಕ್ಷದ ಸರ್ಕಾರ ಬಂತು. ಆಂಥನಿ ಆಲ್ಬನೀಸ್ ಅವರ ಸರ್ಕಾರ ಹಿಂದಿನ ಸರ್ಕಾರದ ಯಾವ ಮುಖ್ಯ ನಿರ್ಧಾರವನ್ನೂ ಹಿಂತೆಗೆದುಕೊಳ್ಳಲಿಲ್ಲ, ಆದರೆ ಸ್ವರ ತಗ್ಗಿಸಿತು. 2023ರ ಆಗಸ್ಟ್‌ನಲ್ಲಿ ಬಾರ್ಲಿ ಸುಂಕ, 2024ರ ಮಾರ್ಚ್ ಕೊನೆಯಲ್ಲಿ ವೈನ್ ಸುಂಕ ತೆರವಾದವು. ಅದೇ ವರ್ಷದ ಜೂನ್‌ನಲ್ಲಿ ಚೀನಾದ ಪ್ರಧಾನಿ ಲಿ ಚಿಯಾಂಗ್ ನಮ್ಮ ಅಡಿಲೇಡ್‌ಗೇ ಬಂದು, ಮೃಗಾಲಯಕ್ಕೆ ಹೊಸ ಪಾಂಡಾ ಜೋಡಿಯ ಭರವಸೆ ಕೊಟ್ಟು, ಇಲ್ಲಿನ ವೈನ್ ಎಸ್ಟೇಟ್ ಒಂದರಲ್ಲಿ ಊಟ ಮಾಡಿ ಹೋದರು.

ನನ್ನ ಪ್ರಶ್ನೆ ಇಷ್ಟೇ. ನಿರಂಕುಶ ಪ್ರಭುತ್ವವೊಂದರ ಜೊತೆ ವ್ಯಾಪಾರ ಮಾಡುವ ಪ್ರಜಾಪ್ರಭುತ್ವ ದೇಶದಲ್ಲಿ, ಆ ಪ್ರಭುತ್ವದ ಬಗ್ಗೆ ರಾಜಕಾರಣಿಗಳು ಆಡುವ ಮಾತಿನಲ್ಲಿ ತತ್ತ್ವ ಎಷ್ಟು, ಮಾರುಕಟ್ಟೆಯ ಲೆಕ್ಕ ಎಷ್ಟು ಎಂದು ಮತದಾರ ತಿಳಿಯುವುದು ಹೇಗೆ? 2020ರಲ್ಲಿ ಮಾತನಾಡಿದವರು ಸರಿಯೋ, 2023ರಲ್ಲಿ ಸುಮ್ಮನಾದವರು ಸರಿಯೋ?

ಉತ್ತರ — ಮೆಲ್ಬರ್ನ್‌ನ ಇತಿಹಾಸ ಬೋಧಕ

ನಿಮ್ಮ ಪ್ರಶ್ನೆ ಈ ದೇಶದ ಮಟ್ಟಿಗೆ ಹೊಸದಲ್ಲ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಿ ಬರುವುದು ಉಪಯೋಗವಾದೀತು.

1938ರಲ್ಲಿ ಸಿಡ್ನಿಯ ದಕ್ಷಿಣಕ್ಕಿರುವ ಪೋರ್ಟ್ ಕೆಂಬ್ಲಾ ಬಂದರಿನಲ್ಲಿ ‘ಡಾಲ್‌ಫ್ರಮ್’ ಎಂಬ ಹಡಗಿಗೆ ಬೀಡುಕಬ್ಬಿಣ ತುಂಬುವುದಿಲ್ಲವೆಂದು ಹಮಾಲರು ಹಟ ಹಿಡಿದು ನಿಂತರು. ಕಬ್ಬಿಣ ಹೋಗುತ್ತಿದ್ದುದು ಜಪಾನಿಗೆ, ಜಪಾನ್ ಆಗ ಚೀನಾದ ಊರುಗಳ ಮೇಲೆ ಬಾಂಬ್ ಹಾಕುತ್ತಿತ್ತು. ಯಾರಿಗೆ ಏನು ಮಾರಬೇಕೆಂಬುದನ್ನು ಸರ್ಕಾರ ನಿರ್ಧರಿಸುತ್ತದೆಯೇ ಹೊರತು ಕಾರ್ಮಿಕ ಸಂಘವಲ್ಲ ಎಂಬುದು ಅಂದಿನ ಅಟಾರ್ನಿ ಜನರಲ್ ರಾಬರ್ಟ್ ಮೆಂಜೀಸ್ ಅವರ ನಿಲುವಾಗಿತ್ತು. ಎರಡು ತಿಂಗಳಿಗೂ ಹೆಚ್ಚು ಕಾಲ ಕೂಲಿ ಕಳೆದುಕೊಂಡು ನಿಂತ ಕಾರ್ಮಿಕರು ಕೊನೆಗೆ ಆ ಹಡಗನ್ನು ತುಂಬಬೇಕಾಯಿತು. ಮುಂದೆ ದೇಶದ ಅತಿ ದೀರ್ಘಾವಧಿಯ ಪ್ರಧಾನಿಯಾದ ಮೆಂಜೀಸ್ ಅವರಿಗೆ ‘ಪಿಗ್ ಐರನ್ ಬಾಬ್’ (ಬೀಡುಕಬ್ಬಿಣದ ಬಾಬ್) ಎಂಬ ಅಡ್ಡಹೆಸರು ಮಾತ್ರ ಜೀವಮಾನವಿಡೀ ಅಂಟಿಕೊಂಡಿತು. ಈ ಪ್ರಸಂಗದಲ್ಲಿ ತತ್ತ್ವದ ಮಾತನ್ನೂ ಆಡಿ, ಅದರ ಬೆಲೆಯನ್ನೂ ತಮ್ಮ ಕೈಯಿಂದಲೇ ತೆತ್ತವರು ಹಮಾಲರು. ನಿಮ್ಮ ಪಕ್ಕದಲ್ಲಿ ನಿಂತ ಹಿರಿಯರು ಹೇಳಿದ್ದು ಇದರ ತಿರುವುಮುರುವು ಸ್ಥಿತಿಯನ್ನು: ಅಲ್ಲಿ ಆಡಿದವರೇ ತೆತ್ತರು, ಇಲ್ಲಿ ಆಡಿದವರು ಬೇರೆ, ತೆತ್ತವರು ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆ ಇಂಥ ವ್ಯಾಪಾರ ಯುದ್ಧಗಳಿಗೆ ಹೇಳಿ ಮಾಡಿಸಿದಂತಿದೆ.

1960ರ ದಶಕಕ್ಕೆ ಬನ್ನಿ. ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆ ಕೊಡುವುದಿಲ್ಲವೆಂದು ವೇದಿಕೆಯಲ್ಲಿ ಗುಡುಗುತ್ತಿದ್ದ ಅದೇ ಸರ್ಕಾರ, ಕ್ಷಾಮದಲ್ಲಿದ್ದ ಅದೇ ಚೀನಾಕ್ಕೆ ಹಡಗುಗಟ್ಟಲೆ ಗೋಧಿ ಮಾರಿತು. 1971ರಲ್ಲಿ ಚೀನಾ ಗೋಧಿ ಖರೀದಿ ನಿಲ್ಲಿಸಿದಾಗ ವಿರೋಧ ಪಕ್ಷದ ನಾಯಕ ಗಾಫ್ ವಿಟ್ಲಮ್ ಬೀಜಿಂಗ್‌ಗೆ ಹೋಗಿ ಚೀನಾದ ಪ್ರಧಾನಿ ಚೌ ಎನ್‌ಲೈ ಅವರನ್ನು ಭೇಟಿಯಾದರು. ಪ್ರಧಾನಿ ವಿಲಿಯಂ ಮೆಕ್‌ಮಹನ್, ಗಾಳಕ್ಕೆ ಸಿಕ್ಕ ಮೀನಿನಂತೆ ವಿಟ್ಲಮ್ ಅವರನ್ನು ಚೌ ಆಡಿಸಿದ್ದಾರೆಂದು ಹಂಗಿಸಿದರು. ಅದಾದ ಮೂರೇ ದಿನಗಳಲ್ಲಿ, ಅಮೆರಿಕದ ಕಿಸಿಂಜರ್ ಕೂಡ ಗುಟ್ಟಾಗಿ ಬೀಜಿಂಗ್‌ಗೆ ಹೋಗಿ ಬಂದಿದ್ದಾರೆಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರೇ ಜಗತ್ತಿಗೆ ಸಾರಿದರು. 1972ರ ಡಿಸೆಂಬರ್‌ನಲ್ಲಿ ಪ್ರಧಾನಿಯಾದೊಡನೆ ವಿಟ್ಲಮ್ ಚೀನಾಕ್ಕೆ ಮಾನ್ಯತೆ ಕೊಟ್ಟರು. ಅಂದಿನಿಂದ ನಾಲ್ಕು ದಶಕಗಳ ಕಾಲ ಎರಡೂ ಪಕ್ಷಗಳು, ವ್ಯಾಪಾರ ಬೆಳೆದಂತೆ ಚೀನಾ ತಾನಾಗಿಯೇ ಸಡಿಲಗೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ನಡೆದವು. ಆ ನಂಬಿಕೆಯ ಉತ್ತುಂಗವೆಂದರೆ 2014ರ ನವೆಂಬರ್. ಆಗ ಷಿ ಜಿನ್‌ಪಿಂಗ್ ಕ್ಯಾನ್‌ಬೆರಾದ ಸಂಸತ್ತಿನಲ್ಲಿ ಭಾಷಣ ಮಾಡಿದರು, ಮರುವರ್ಷ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ನಿಮ್ಮ ವೈನ್ ಮೇಲಿನ ಸುಂಕ 2019ರ ಹೊತ್ತಿಗೆ ಸೊನ್ನೆಯಾದದ್ದು ಆ ಒಪ್ಪಂದದಿಂದಲೇ.

ಅದೇ 2014ರಲ್ಲಿ, ಚೀನಾದ ಬಗ್ಗೆ ನಿಮ್ಮ ನೀತಿಯನ್ನು ನಡೆಸುವುದೇನು ಎಂದು ಜರ್ಮನಿಯ ಆಂಗೆಲಾ ಮರ್ಕೆಲ್ ಕೇಳಿದಾಗ, ಪ್ರಧಾನಿ ಟೋನಿ ಅಬಟ್ “ಭಯ ಮತ್ತು ದುರಾಸೆ” ಎಂದು ಉತ್ತರಿಸಿದರೆಂದು ಮರುವರ್ಷ ಪತ್ರಿಕೆಗಳಲ್ಲಿ ವರದಿಯಾಯಿತು. ಖಾಸಗಿಯಾಗಿ ಆಡಿದ ಈ ಎರಡು ಪದಗಳಲ್ಲಿದ್ದ ಪ್ರಾಮಾಣಿಕತೆ ಅದೇ ವರ್ಷದ ಸಾರ್ವಜನಿಕ ಭಾಷಣಗಳಲ್ಲಿ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಭಯವನ್ನೂ ದುರಾಸೆಯನ್ನೂ ಜನರ ಮುಂದೆ ಒಪ್ಪಿಕೊಂಡಿದ್ದರೆ, ಒಂದೇ ಮಾರುಕಟ್ಟೆಯನ್ನು ನೆಚ್ಚಿ ಹೊಸ ಬಳ್ಳಿ ನೆಡುವ ಮುನ್ನ ನಿಮ್ಮ ಕಣಿವೆಯ ರೈತರು ಇನ್ನೊಮ್ಮೆ ಯೋಚಿಸುತ್ತಿದ್ದರು.

ಇನ್ನು 2020ರ ತನಿಖೆಯ ವಿಷಯ. ಆ ಬೇಡಿಕೆಯೊಂದರಿಂದಲೇ ಎಲ್ಲವೂ ಕೆಟ್ಟಿತೆಂಬ ಮಾತು ಪೂರ್ತಿ ನಿಜವಲ್ಲ. 2018ರಲ್ಲಿ ಮಾಲ್ಕಂ ಟರ್ನ್‌ಬುಲ್ ಸರ್ಕಾರ ವಿದೇಶಿ ಹಸ್ತಕ್ಷೇಪದ ವಿರುದ್ಧ ಕಾನೂನು ತಂದಿತ್ತು. ಆ ವರ್ಷದ ಆಗಸ್ಟ್‌ನಲ್ಲಿ 5ಜಿ ಜಾಲದಿಂದ ಚೀನಾದ ಹುವಾವೇ ಕಂಪನಿಯನ್ನು ಹೊರಗಿಟ್ಟಿತ್ತು. ಬಾರ್ಲಿಯ ಮೇಲಿನ ತನಿಖೆಯನ್ನು ಚೀನಾ ಆರಂಭಿಸಿದ್ದು ಆ ವರ್ಷದ ನವೆಂಬರ್‌ನಲ್ಲಿ, ಅಂದರೆ ಕೊರೊನಾಕ್ಕೆ ಒಂದು ವರ್ಷ ಮೊದಲೇ. 2020ರ ನವೆಂಬರ್‌ನಲ್ಲಿ ಚೀನಾದ ರಾಯಭಾರ ಕಚೇರಿ ಪತ್ರಕರ್ತರೊಬ್ಬರ ಕೈಗೆ ಕೊಟ್ಟ ಹದಿನಾಲ್ಕು ಅಸಮಾಧಾನಗಳ ಪಟ್ಟಿಯಲ್ಲಿ ಆ ಕಾನೂನು, ಹುವಾವೇ ಮೇಲಿನ ತಡೆ, ಕೊರೊನಾ ತನಿಖೆಯ ಬೇಡಿಕೆ ಎಲ್ಲವೂ ಇದ್ದವು, ಜೊತೆಗೆ ಇಲ್ಲಿನ ಪತ್ರಿಕೆಗಳು ಚೀನಾದ ಬಗ್ಗೆ ಬರೆಯುವ ರೀತಿಯೂ ಇತ್ತು. ಪತ್ರಿಕೆಗಳ ಬಾಯಿ ಮುಚ್ಚಿಸು ಎಂದು ಪ್ರಜಾಪ್ರಭುತ್ವ ಸರ್ಕಾರವೊಂದನ್ನು ಕೇಳುವ ಸ್ಥಿತಿ ಬಂದ ಮೇಲೆ, ಅದು ಸುಂಕದ ಜಗಳವಾಗಿ ಉಳಿಯುವುದಿಲ್ಲ.

ಆದರೂ ಮಾತನಾಡಿದ ರೀತಿಯಲ್ಲಿ ದೋಷವಿತ್ತೆಂದು ನಾನು ಹೇಳುತ್ತೇನೆ. ಬೇರೆ ದೇಶಗಳನ್ನು ಮೊದಲು ಜೊತೆಗೂಡಿಸಿಕೊಳ್ಳದೆ, ಭಾನುವಾರ ಬೆಳಗಿನ ಟಿವಿ ಕಾರ್ಯಕ್ರಮವೊಂದರಲ್ಲಿ ಒಂಟಿಯಾಗಿ ಆ ಬೇಡಿಕೆ ಇಟ್ಟರು. ಒಂದೇ ತಿಂಗಳ ನಂತರ ವಿಶ್ವ ಆರೋಗ್ಯ ಸಭೆಯಲ್ಲಿ ಭಾರತವೂ ಸೇರಿದಂತೆ ನೂರಕ್ಕೂ ಹೆಚ್ಚು ದೇಶಗಳು ಸೇರಿ ಹೆಚ್ಚುಕಡಿಮೆ ಅದೇ ಬಗೆಯ ಪರಿಶೀಲನೆಗೆ ಒಪ್ಪಿದವು, ಚೀನಾ ಕೂಡ ಒಪ್ಪಿತು. ಆ ಗುಂಪಿನಲ್ಲಿ ಒಬ್ಬರಾಗಿ ಕೇಳಿದ್ದರೆ ಪ್ರಶ್ನೆಯ ತೂಕ ಕಡಿಮೆಯಾಗುತ್ತಿರಲಿಲ್ಲ, ಹೊಡೆತ ಇಷ್ಟು ನೇರವಾಗಿ ಬೀಳುತ್ತಿರಲಿಲ್ಲ.

ಉತ್ತರ — ಸಂಡೂರಿನಿಂದ ಪರ್ತ್‌ಗೆ

ಮೇಲಿನವರು ಹೇಳಿದ್ದರಲ್ಲಿ ಒಂದು ವಸ್ತುವಿನ ಹೆಸರೇ ಬಂದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆಯೆಂದು ನನಗೆ ಅನಿಸುತ್ತದೆ. ಅದು ಕಬ್ಬಿಣದ ಅದಿರು.

ಚೀನಾ ಹೊಡೆದ ಸರಕುಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ: ಬಾರ್ಲಿ, ಮಾಂಸ, ವೈನ್, ಲಾಬ್‌ಸ್ಟರ್, ಮರ, ಕಲ್ಲಿದ್ದಲು. ಅದಿರು ಇಲ್ಲ. ಚೀನಾ ಹೊರಗಿನಿಂದ ಕೊಳ್ಳುವ ಅದಿರಿನಲ್ಲಿ ಸುಮಾರು ಶೇ. 60 ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಿಂದ ಹೋಗುತ್ತದೆ. ಅಷ್ಟನ್ನು ಕೊಡಬಲ್ಲ ಇನ್ನೊಂದು ನೆಲ ಆಗ ಜಗತ್ತಿನಲ್ಲಿ ಇರಲಿಲ್ಲ, ಬ್ರೆಜಿಲ್ ಕೂಡ ಸಾಲುತ್ತಿರಲಿಲ್ಲ. ನಿಮ್ಮ ಗೋದಾಮಿನಲ್ಲಿ ಲೇಬಲ್ ಸುಲಿಯುತ್ತಿದ್ದ ತಿಂಗಳುಗಳಲ್ಲಿಯೇ ಪೋರ್ಟ್ ಹೆಡ್‌ಲ್ಯಾಂಡ್‌ನಿಂದ ಚೀನಾಕ್ಕೆ ಅದಿರಿನ ಹಡಗುಗಳು ಸಾಲಾಗಿ ಹೋಗುತ್ತಿದ್ದವು. 2021ರ ಮೇ ತಿಂಗಳಲ್ಲಿ ಅದಿರಿನ ಬೆಲೆ ಟನ್ನಿಗೆ 230 ಅಮೆರಿಕನ್ ಡಾಲರ್ ದಾಟಿತು. ಇದರಿಂದಾಗಿ, ಸಂಬಂಧ ಪೂರ್ತಿ ಹಳಸಿದ್ದ ಆ ವರ್ಷದಲ್ಲಿ ಚೀನಾಕ್ಕೆ ಆಸ್ಟ್ರೇಲಿಯಾದ ಒಟ್ಟು ರಫ್ತಿನ ಮೌಲ್ಯ ಇಳಿಯುವ ಬದಲು ಏರಿತು. ದೇಶದ ಲೆಕ್ಕದಲ್ಲಿ ನಷ್ಟವೇ ಕಾಣಲಿಲ್ಲ. ಆದ್ದರಿಂದ ಕ್ಯಾನ್‌ಬೆರಾದಲ್ಲಿ ಕುಳಿತವರಿಗೆ ಗಟ್ಟಿಯಾಗಿ ಮಾತನಾಡುವುದು ಸುಲಭವಾಯಿತು.

ಕನ್ನಡದಲ್ಲಿ ‘ಹಂಗು’ ಎಂಬ ಪದವಿದೆ. ಹಂಗು ಎರಡೂ ಕಡೆ ಸಮನಾಗಿದ್ದಲ್ಲಿ, ಅಂದರೆ ಅದಿರಿನಲ್ಲಿ, ಬೀಜಿಂಗ್ ಕೈ ಹಾಕಲಿಲ್ಲ. ಹಂಗು ನಮ್ಮ ಕಡೆಗೆ ಮಾತ್ರ ಇದ್ದಲ್ಲಿ, ಅಂದರೆ ವೈನ್‌ನಲ್ಲಿ, ಲಾಬ್‌ಸ್ಟರ್‌ನಲ್ಲಿ, ಹೊಡೆಯಿತು. ಚೀನಾದವರು ಬೇರೆ ವೈನ್ ಕುಡಿಯಬಹುದು. ಬೇರೆ ಅದಿರಿನಿಂದ ಅಷ್ಟು ಉಕ್ಕು ಮಾಡಲಾರರು.

ರಾಜಕಾರಣಿಗಳ ದನಿಯೂ ಇದೇ ರೇಖೆಯ ಮೇಲೆ ಒಡೆಯಿತು. ಪಶ್ಚಿಮ ಆಸ್ಟ್ರೇಲಿಯಾದ ಲೇಬರ್ ಮುಖ್ಯಮಂತ್ರಿ ಮಾರ್ಕ್ ಮೆಗವನ್ ಅವರು ಕೇಂದ್ರದ ಯುದ್ಧದ ಮಾತುಗಳನ್ನು 2021ರಲ್ಲಿ ಬಹಿರಂಗವಾಗಿ ಟೀಕಿಸಿದರು, 2023ರಲ್ಲಿ ಬೀಜಿಂಗ್‌ಗೂ ಹೋದರು. ಅದೇ ರಾಜ್ಯದ ಲಿಬರಲ್ ಸಂಸದ, ಮಾಜಿ ಸೈನಿಕ ಆಂಡ್ರೂ ಹೇಸ್ಟಿ 2019ರಲ್ಲಿಯೇ, ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ನಂಬಿದ್ದ ಮ್ಯಾಜಿನೊ ಕೋಟೆಸಾಲಿನಂತೆ, ಆರ್ಥಿಕ ಉದಾರೀಕರಣವೊಂದೇ ಚೀನಾವನ್ನು ಪ್ರಜಾಪ್ರಭುತ್ವವಾಗಿಸುತ್ತದೆಂದು ನಾವು ನಂಬಿ ಕುಳಿತಿದ್ದೇವೆಂದು ಬರೆದಿದ್ದರು. ಒಂದೇ ರಾಜ್ಯ, ಒಂದೇ ಅದಿರು, ಎರಡು ದೃಷ್ಟಿ. ಹೇಸ್ಟಿ ಅವರ ಎಚ್ಚರಿಕೆಯಲ್ಲಿ ಹುರುಳಿದೆ ಎಂದು ನಾನು ಒಪ್ಪುತ್ತೇನೆ. ಆದರೆ ಆ ಎಚ್ಚರಿಕೆಯ ತಾರ್ಕಿಕ ಕೊನೆಯೆಂದರೆ ಅದಿರಿನ ಮೇಲಿನ ಅವಲಂಬನೆಯನ್ನೂ ಕಡಿಮೆ ಮಾಡುವುದು, ಮತ್ತು ಅಷ್ಟು ದೂರ ಹೋಗಿ ಮಾತನಾಡುವ ಒಬ್ಬ ನಾಯಕನನ್ನೂ ನಾನು ಇಲ್ಲಿ ಕಂಡಿಲ್ಲ. ಯಾವ ಪಕ್ಷದವರಾದರೂ ಸರಿ, ನಾನು ನೋಡುವುದು ಇದನ್ನೇ: ಅವರ ಮಾತು ಅದಿರಿನ ಬಾಗಿಲಿಗೆ ಬಂದಾಗ ನಿಲ್ಲುತ್ತದೆಯೇ, ಒಳಗೆ ಹೋಗುತ್ತದೆಯೇ?

ನನ್ನ ಹುಟ್ಟೂರು ಸಂಡೂರಿನ ಪಕ್ಕದ ಹಳ್ಳಿ. 2003ರಿಂದ ಮುಂದಿನ ಏಳೆಂಟು ವರ್ಷ ಚೀನಾದ ಉಕ್ಕಿನ ಹಸಿವು ಬಳ್ಳಾರಿ ಜಿಲ್ಲೆಗೂ ಮುಟ್ಟಿತ್ತು. ಲಾರಿಗಳ ಸಾಲು ಹಗಲು ರಾತ್ರಿ ಬೇಲೆಕೇರಿ, ಕೃಷ್ಣಪಟ್ಟಣದ ಕಡೆ ಓಡುತ್ತಿತ್ತು. ರಸ್ತೆ ಬದಿಯ ಜೋಳದ ಗರಿಯ ಮೇಲೆ ಕೆಂಪು ಧೂಳು ಎಷ್ಟು ದಪ್ಪ ಕೂರುತ್ತಿತ್ತೆಂದರೆ ದನಗಳು ಮೇವಿಗೆ ಬಾಯಿ ಹಾಕಿ ತಲೆ ಕೊಡವಿ ಹಿಂದೆ ಸರಿಯುತ್ತಿದ್ದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು, 2011ರಲ್ಲಿ ಲೋಕಾಯುಕ್ತ ವರದಿಯೂ ಸುಪ್ರೀಂ ಕೋರ್ಟಿನ ಆದೇಶವೂ ಬಂದವು. ನಮ್ಮಲ್ಲಿ ಆ ವ್ಯಾಪಾರವನ್ನು ನಿಲ್ಲಿಸಿದ್ದು ಬೀಜಿಂಗ್ ಅಲ್ಲ, ನಮ್ಮದೇ ನೆಲದ ಕಾನೂನು. ಹಣ ಹರಿದು ಬರುವಾಗ ಕೊಳ್ಳುವವನು ಯಾರು, ಏಕೆ ಕೊಳ್ಳುತ್ತಿದ್ದಾನೆ ಎಂಬ ಪ್ರಶ್ನೆಯನ್ನು ಆಗ ನಮ್ಮ ಶಾಸಕರಲ್ಲಿ ಎತ್ತಿದವರು ನನಗಂತೂ ನೆನಪಿಲ್ಲ. ಪಿಲ್ಬರಾದಲ್ಲಿ ಅದೇ ಬಣ್ಣದ ಧೂಳು ನೋಡಿದಾಗಲೆಲ್ಲ ಊರು ನೆನಪಾಗುತ್ತದೆ.

ಉತ್ತರ — ಸಿಡ್ನಿಯ ಓದುಗಾರ್ತಿ

ಅದಿರು, ವೈನ್, ಬಾರ್ಲಿಯ ಲೆಕ್ಕದಲ್ಲಿ ಮನುಷ್ಯರು ಕಾಣೆಯಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

1989ರ ಜೂನ್‌ನಲ್ಲಿ ತಿಯಾನನ್‌ಮೆನ್ ಹತ್ಯಾಕಾಂಡದ ಸುದ್ದಿ ಬಂದಾಗ, ಪ್ರಧಾನಿ ಬಾಬ್ ಹಾಕ್ ಸಂಸತ್ ಭವನದ ಶ್ರದ್ಧಾಂಜಲಿ ಸಭೆಯಲ್ಲಿ ಅಲ್ಲಿನ ವರದಿಯನ್ನು ಓದುತ್ತ ಅತ್ತರು, ಇಲ್ಲಿದ್ದ ಚೀನೀ ವಿದ್ಯಾರ್ಥಿಗಳನ್ನು ಹಿಂದಕ್ಕೆ ಕಳಿಸುವುದಿಲ್ಲವೆಂದರು. ಆ ಮಾತಿನಿಂದಾಗಿ ಕ್ರಮೇಣ ಸುಮಾರು 42,000 ಜನರಿಗೆ ಇಲ್ಲಿ ನೆಲೆ ಸಿಕ್ಕಿತು. ಚೀನಾದೊಂದಿಗೆ ಸಂಬಂಧ ಬೆಳೆಸಲು ಅವರಷ್ಟು ಶ್ರಮಿಸಿದ ಪ್ರಧಾನಿ ಆಗ ಇನ್ನೊಬ್ಬರಿರಲಿಲ್ಲ. ಹಾಗಿದ್ದೂ ಅವರು ಆ ದಿನ ವ್ಯಾಪಾರದ ಮುಖ ನೋಡಲಿಲ್ಲ. ಆ ವಿದ್ಯಾರ್ಥಿಗಳಲ್ಲಿ ಒಬ್ಬರು ಇಂದು ನನ್ನ ನೆರೆಯವರು. ಅವರ ಮನೆಯ ಮುಂದೆ ನಿಂಬೆ ಗಿಡವಿದೆ, ಹಣ್ಣಾದಾಗ ಒಂದು ಚೀಲ ನಮ್ಮ ಬಾಗಿಲಿಗೆ ಬರುತ್ತದೆ.

2020ರ ಅಕ್ಟೋಬರ್‌ನಲ್ಲಿ ವಲಸಿಗ ಸಮುದಾಯಗಳ ಕಷ್ಟಗಳನ್ನು ವಿಚಾರಿಸಲು ನಡೆದ ಸೆನೆಟ್ ಸಮಿತಿಯ ಸಭೆಯಲ್ಲಿ, ಚೀನೀ ಮೂಲದ ಮೂವರು ಆಸ್ಟ್ರೇಲಿಯನ್ ಪ್ರಜೆಗಳನ್ನು ಅಂದಿನ ಆಡಳಿತಾರೂಢ ಲಿಬರಲ್ ಪಕ್ಷದ ಸೆನೆಟರ್ ಎರಿಕ್ ಅಬೆಟ್ಜ್ ಅವರು ಚೀನಾದ ಕಮ್ಯುನಿಸ್ಟ್ ಪಕ್ಷವನ್ನು ಬೇಷರತ್ತಾಗಿ ಖಂಡಿಸುವಿರಾ ಎಂದು ಒಬ್ಬೊಬ್ಬರಾಗಿ ಕೇಳಿದರು. ಅವರು ಸಭೆಗೆ ಬಂದದ್ದು ತಮ್ಮವರು ಸಾರ್ವಜನಿಕ ಬದುಕಿನಲ್ಲಿ ಏಕೆ ಕಡಿಮೆ ಕಾಣುತ್ತಾರೆಂದು ಹೇಳುವುದಕ್ಕೆ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾಳೆ ಭಾರತ ಮತ್ತು ಆಸ್ಟ್ರೇಲಿಯಾ ನಡುವೆ ಬಿರುಕು ಬಂದರೆ, ನನ್ನ ಮಗಳು ಇದೇ ರೀತಿ ಯಾರದೋ ಮುಂದೆ ನಿಂತು ತನ್ನ ನಿಷ್ಠೆಯನ್ನು ಸಾಬೀತು ಮಾಡಬೇಕಾಗಬಹುದೇ ಎಂದು ಯೋಚಿಸಿದೆ. ಒಂದು ಪ್ರಭುತ್ವವನ್ನು ವಿರೋಧಿಸುವುದಕ್ಕೂ ಆ ಮುಖಚಹರೆಯವರನ್ನೆಲ್ಲ ಅನುಮಾನಿಸುವುದಕ್ಕೂ ನಡುವಿನ ಗೆರೆಯನ್ನು ಕಾಯಬೇಕಾದವರು ರಾಜಕಾರಣಿಗಳೇ. 2022ರ ಚುನಾವಣೆಯಲ್ಲಿ ಚೀನೀ ಮೂಲದ ಮತದಾರರು ಹೆಚ್ಚಿರುವ ಚಿಸಮ್, ರೀಡ್, ಬೆನೆಲಾಂಗ್ ಕ್ಷೇತ್ರಗಳನ್ನು ಲಿಬರಲ್ ಪಕ್ಷ ಕಳೆದುಕೊಂಡಿತು. ಆ ಸಮುದಾಯ ದೂರವಾದದ್ದನ್ನು ಪಕ್ಷದ ಸ್ವಂತ ಪರಾಮರ್ಶೆಯೇ ಒಪ್ಪಿಕೊಂಡಿತು.

ಹಾಗೆಂದು ಈಗಿನ ಸರ್ಕಾರದ ಮೌನವನ್ನು ನಾನು ಪೂರ್ತಿ ಒಪ್ಪಲಾರೆ. ಆಸ್ಟ್ರೇಲಿಯಾದ ಪ್ರಜೆ, ಪತ್ರಕರ್ತೆ ಚೆಂಗ್ ಲೇ ಚೀನಾದಲ್ಲಿ ಮೂರು ವರ್ಷಗಳಿಗೂ ಮೀರಿದ ಸೆರೆವಾಸದ ನಂತರ 2023ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗಿ ಮಕ್ಕಳನ್ನು ಸೇರಿದರು. ಅದು ತಗ್ಗಿದ ದನಿಯ ರಾಜತಂತ್ರದ ಫಲವೆಂದು ಒಪ್ಪುತ್ತೇನೆ. ಆದರೆ ಆಸ್ಟ್ರೇಲಿಯಾದ ಇನ್ನೊಬ್ಬ ಪ್ರಜೆ, ಬರಹಗಾರ ಯಾಂಗ್ ಹೆಂಗ್‌ಜುನ್ ಅವರಿಗೆ 2024ರ ಫೆಬ್ರವರಿಯಲ್ಲಿ ಬೀಜಿಂಗ್ ನ್ಯಾಯಾಲಯ ಅಮಾನತಿನಲ್ಲಿಟ್ಟ ಮರಣದಂಡನೆ ವಿಧಿಸಿತು. ವಿದೇಶಾಂಗ ಸಚಿವೆ ಪೆನ್ನಿ ವಾಂಗ್ ಆಘಾತ ವ್ಯಕ್ತಪಡಿಸಿ ಚೀನಾದ ರಾಯಭಾರಿಯನ್ನು ಕರೆಸಿ ಆಕ್ಷೇಪಿಸಿದರು. ಏಳೆಂಟು ವಾರಗಳ ನಂತರ ವೈನ್ ಸುಂಕ ಹೋಯಿತು, ಮತ್ತು ಪತ್ರಿಕೆಗಳ ಮುಖಪುಟಗಳಲ್ಲಿ ವೈನ್ ಇತ್ತು. ಪ್ರಶ್ನೆ ಕೇಳಿದವರು ದಯವಿಟ್ಟು ನೊಂದುಕೊಳ್ಳಬಾರದು, ನಿಮ್ಮ ಸೀಸೆಗಳು ಮತ್ತೆ ಹಡಗು ಹತ್ತಿದ್ದು ನನಗೂ ಸಂತೋಷವೇ. ಆದರೆ ಆ ಎರಡು ಸುದ್ದಿಗಳನ್ನು ಒಂದೇ ಪುಟದಲ್ಲಿ ಇಟ್ಟು ನೋಡಬೇಕೆಂದು ನಾನು ನನ್ನ ಸಂಸದರಿಗೆ ಪತ್ರ ಬರೆದೆ. ಬಂದ ಉತ್ತರ ಸಿದ್ಧ ಮಾದರಿಯದಾಗಿತ್ತು.

ಉತ್ತರ — ಕರಾವಳಿಯ ನಿವೃತ್ತ ನಾವಿಕ

ಚಿಕ್ಕದಾಗಿ ಒಂದು ಸಂಗತಿ ಸೇರಿಸುತ್ತೇನೆ. ಆಸ್ಟ್ರೇಲಿಯಾದ ಕಲ್ಲಿದ್ದಲನ್ನು ಹೊತ್ತು ಚೀನಾಕ್ಕೆ ಹೋದ ‘ಜಗ್ ಆನಂದ್’ 2020ರ ಜೂನ್‌ನಿಂದ ಜಿಂಗ್‌ಟಾಂಗ್ ಬಂದರಿನ ಹೊರಗೆ, ‘ಅನಸ್ತೇಸಿಯಾ’ ಸೆಪ್ಟೆಂಬರ್‌ನಿಂದ ಕಾವೊಫೆಡಿಯನ್ ಹೊರಗೆ ಲಂಗರು ಹಾಕಿ ನಿಂತವು. ಸರಕು ಇಳಿಸಲೂ ಬಿಡಲಿಲ್ಲ, ಸಿಬ್ಬಂದಿ ಬದಲಾವಣೆಗೂ ಬಿಡಲಿಲ್ಲ. ಎರಡರಲ್ಲೂ ಸೇರಿ 39 ಭಾರತೀಯ ನಾವಿಕರಿದ್ದರು. ಕೊರೊನಾ ನಿಯಮವೆಂದು ಚೀನಾ ಹೇಳಿತು. ಆದರೆ ಅದೇ ಸಮಯದಲ್ಲಿ ಬೇರೆ ಹಡಗುಗಳು ಸರಕು ಇಳಿಸಿ ಹೋಗುತ್ತಿದ್ದವು. ‘ಜಗ್ ಆನಂದ್’ ಕೊನೆಗೆ 2021ರ ಜನವರಿಯಲ್ಲಿ ಜಪಾನಿನ ಚಿಬಾಕ್ಕೆ ಹೋಗಿ ನಾವಿಕರನ್ನು ಇಳಿಸಿತು.

ಲಂಗರಿನಲ್ಲಿ ತಿಂಗಳುಗಟ್ಟಲೆ ನಿಲ್ಲುವುದು ಏನೆಂದು ನನಗೆ ಗೊತ್ತು. ದಡದ ದೀಪಗಳು ದಿನವೂ ಅದೇ ಜಾಗದಲ್ಲಿ ಹೊತ್ತಿಕೊಳ್ಳುತ್ತವೆ, ಕುಡಿಯುವ ನೀರನ್ನು ಅಳೆದು ಕೊಡುತ್ತಾರೆ, ಕರಾರು ಮುಗಿದವನಿಗೆ ತಾನು ಕೆಲಸದಲ್ಲಿದ್ದೇನೋ ಸೆರೆಯಲ್ಲಿದ್ದೇನೋ ತಿಳಿಯದಂತಾಗುತ್ತದೆ. ಆಸ್ಟ್ರೇಲಿಯಾದ ಸಂಸತ್ತಿಗೂ ಬೀಜಿಂಗ್‌ನ ಕೋಪಕ್ಕೂ ಆ 39 ಜನರಿಗೂ ಯಾವ ಸಂಬಂಧವೂ ಇರಲಿಲ್ಲ. ಬೆಲೆ ತೆತ್ತವರ ಪಟ್ಟಿ ಮಾಡುವಾಗ ಅವರನ್ನೂ ಸೇರಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರ ಮರುನುಡಿ — ಬರೋಸಾ ಕಣಿವೆಯ ಕನ್ನಡಿಗ

ಎಲ್ಲರಿಗೂ ಕೃತಜ್ಞತೆಗಳು. ಸಿಡ್ನಿಯ ಸಹೋದರಿಯವರು ಬರೆದದ್ದನ್ನು ಓದಿ ನೋವಾಯಿತು, ಆದರೆ ಅದು ನ್ಯಾಯವಾದ ಮಾತು. ವೈನ್ ಸುಂಕ ಹೋದ ದಿನ ನಮ್ಮ ಕಚೇರಿಯಲ್ಲಿ ಕೇಕ್ ಕತ್ತರಿಸಿದೆವು. ಯಾಂಗ್ ಅವರ ಹೆಸರು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ ಬರಲಿಲ್ಲ.

ಇನ್ನೊಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಸುಂಕ ಹೋದ ಮಾತ್ರಕ್ಕೆ ಎಲ್ಲವೂ ಮೊದಲಿನಂತಾಗಿಲ್ಲ. ಚೀನಾದಲ್ಲಿ ವೈನ್ ಕುಡಿಯುವವರೇ ಕಡಿಮೆಯಾಗಿದ್ದಾರೆ, ಇಲ್ಲಿ ತೊಟ್ಟಿಗಳಲ್ಲಿ ಹಳೆಯ ಕೆಂಪು ವೈನ್ ಉಳಿದಿದೆ. ಮರ್ರೆ ನದಿಯ ಬದಿಯ ಒಳನಾಡಿನಲ್ಲಿ ಕೊಯ್ಲಿನ ಖರ್ಚೂ ಹುಟ್ಟದೆ ಬಳ್ಳಿಗಳನ್ನೇ ಕಿತ್ತು ರಾಶಿ ಹಾಕಿ ಸುಟ್ಟವರನ್ನು ನಾನೇ ನೋಡಿದ್ದೇನೆ. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಭಾರತ–ಆಸ್ಟ್ರೇಲಿಯಾ ಒಪ್ಪಂದದಿಂದ ಐದರಿಂದ ಹದಿನೈದು ಅಮೆರಿಕನ್ ಡಾಲರ್ ಬೆಲೆಯ ಸೀಸೆಗಳ ಮೇಲೆ ಭಾರತದ ಸುಂಕ ಮೊದಲಿಗೆ ಶೇ. 150ರಿಂದ 100ಕ್ಕೆ ಇಳಿಯಿತು. ನಾವು ಬೆಂಗಳೂರಿಗೆ ಕಳಿಸಿದ ಮೊದಲ ಸರಕಿನ ಕಾಗದಪತ್ರಗಳನ್ನು ಸಿದ್ಧಪಡಿಸಿದ್ದು ನಾನೇ. ಚೀನಾಕ್ಕೆ ಹೋಗುತ್ತಿದ್ದುದರ ಮುಂದೆ ಅದು ಬಹಳ ಸಣ್ಣ ಸರಕು.

ಸಂಡೂರಿನವರು ಕೊಟ್ಟ ಅಳತೆಗೋಲು ನನಗೆ ಸರಿಯೆನಿಸಿದೆ, ಮೆಲ್ಬರ್ನ್‌ನವರ ಹಮಾಲರ ಪ್ರಸಂಗವೂ ಅದಕ್ಕೆ ಹೊಂದುತ್ತದೆ. ನಮ್ಮ ಕ್ಷೇತ್ರದ ಸಂಸದರು ಮುಂದಿನ ತಿಂಗಳು ದ್ರಾಕ್ಷಿ ಬೆಳೆಗಾರರ ಸಭೆಗೆ ಬರುತ್ತಾರೆ. ಅವರಿಗೆ ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಮುಂದಿನ ಬಾರಿ ನೀವು ಸಂಸತ್ತಿನಲ್ಲಿ ಚೀನಾದ ವಿರುದ್ಧ ನ್ಯಾಯವಾದ ಮಾತನ್ನೇ ಆಡಿದಾಗ, ಅದರ ಹೊಡೆತ ಬೀಳುವ ಬೆಳೆಗಾರರ ನಷ್ಟದಲ್ಲಿ ಅದಿರಿನ ಆದಾಯದಿಂದ ಪಾಲು ಕೊಡಲು ಸರ್ಕಾರ ಸಿದ್ಧವಿದೆಯೇ? ಯಾಂಗ್ ಹೆಂಗ್‌ಜುನ್ ಅವರ ಬಿಡುಗಡೆಗಾಗಿ ಸರ್ಕಾರ ಈ ವರ್ಷ ಏನು ಕೇಳಿತು, ಯಾವ ಸಭೆಯಲ್ಲಿ ಕೇಳಿತು? ಎರಡನೆಯ ಪ್ರಶ್ನೆಯನ್ನು ನಾನೇ ಎದ್ದು ನಿಂತು ಕೇಳುತ್ತೇನೆ. ಮೊದಲನೆಯದನ್ನು ಕೇಳಲು ಅಂದು ನನ್ನ ಪಕ್ಕದಲ್ಲಿ ಲೇಬಲ್ ಸುಲಿದ ಹಿರಿಯರು ಒಪ್ಪಿಕೊಂಡಿದ್ದಾರೆ. ಸಂಸದರು ಏನು ಉತ್ತರ ಕೊಟ್ಟರೆಂದು ಸಭೆ ಮುಗಿದ ಮೇಲೆ ಇಲ್ಲಿಯೇ ಬರೆಯುತ್ತೇನೆ.